ದುಡ್ಡು ಕಟ್ ಆಗಿದೆ, ಆದರೆ ಬಂದಿಲ್ಲ: ಬ್ಯಾಕೆಂಡ್ ಎಂಜಿನಿಯರ್ ಮಾಡುವುದೇನು, ಬೆಳೆಯುವುದು ಹೇಗೆ

ತರಕಾರಿ ಅಂಗಡಿಯ ಮುಂದೆ ನಿಂತು ಕ್ಯೂಆರ್ ಸ್ಕ್ಯಾನ್ ಮಾಡಿ ಇನ್ನೂರು ರೂಪಾಯಿ ಕಳಿಸುತ್ತೀರಿ. ದುಡ್ಡು ಕಟ್ ಆಗಿದೆ ಎಂದು ಬ್ಯಾಂಕಿನ ಮೆಸೇಜೂ ಬರುತ್ತದೆ. ಅಂಗಡಿಯ ಸ್ಪೀಕರ್ ಮಾತ್ರ ಸುಮ್ಮನಿದೆ. "ನಂಗೆ ಬಂದಿಲ್ಲ ಸಾರ್" ಎನ್ನುತ್ತಾರೆ ಅಂಗಡಿಯವರು. ನಿಮ್ಮ ಆ್ಯಪಿನಲ್ಲಿ "ಪೆಂಡಿಂಗ್". ಇನ್ನೊಮ್ಮೆ ಕಳಿಸಬೇಕೋ, ಕಾಯಬೇಕೋ ತಿಳಿಯದು.

ಈ ಗೊಂದಲಕ್ಕೆ ಆಚೆ ಬದಿಯಲ್ಲಿ ಕೂತು, ಆ್ಯಪಿನ ಹಿಂದೆ ಸರ್ವರಿನಲ್ಲಿ ಓಡುವ ಕೋಡಿನಲ್ಲಿ ಉತ್ತರ ಬರೆದಿಡುವವರೇ ಬ್ಯಾಕೆಂಡ್ ಎಂಜಿನಿಯರ್‌ಗಳು. ಬೆಂಗಳೂರಿನಲ್ಲಿ ಯಾವ ಬೀದಿಯಲ್ಲಿ ಹುಡುಕಿದರೂ ಒಬ್ಬರು ಸಿಗುತ್ತಾರೆ, ಆದರೂ ತಮ್ಮ ಕೆಲಸ ಏನೆಂದು ಮನೆಯವರಿಗೆ ಹೇಳುವಷ್ಟರಲ್ಲಿ ಅವರಿಗೆ ಸಾಕಾಗುತ್ತದೆ. ಕಣ್ಣಿಗೆ ಕಾಣುವ ಪರದೆ ಕಟ್ಟುವ ಫ್ರಂಟೆಂಡಿನವರು ಫೋನ್ ತೆಗೆದು "ಈ ಪುಟ ನಾನು ಮಾಡಿದ್ದು" ಎಂದು ತೋರಿಸಬಹುದು. ಬ್ಯಾಕೆಂಡಿನವರ ಬಳಿ ತೋರಿಸುವುದಕ್ಕೆ ಏನೂ ಇಲ್ಲ. ಕೆಲಸ ಸರಿಯಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಕೆಟ್ಟರೆ ಸಂಜೆಯ ಸುದ್ದಿಯಲ್ಲಿ ಬರುತ್ತದೆ.

ಈ ವೃತ್ತಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಲಿಯಬೇಕಾದ ಭಾಷೆಗಳ, ಸಾಧನಗಳ ಪಟ್ಟಿ ಕೊಡುತ್ತಾರೆ: ಜಾವಾ, ಗೋ, ಪೈಥಾನ್, ಕಾಫ್ಕಾ, ಕುಬರ್ನೆಟೀಸ್. ಪಟ್ಟಿ ತಪ್ಪಲ್ಲ, ಆದರೆ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಒಂದು ಪ್ರಶ್ನೆ: ಇದು ಅರ್ಧಕ್ಕೆ ನಿಂತರೆ ಏನಾಗುತ್ತದೆ? ಮೊದಲ ವರ್ಷದವರು ಇದನ್ನು ತಾವು ಬರೆದ ಹತ್ತು ಸಾಲಿನ ಬಗ್ಗೆ ಕೇಳಿಕೊಳ್ಳುತ್ತಾರೆ. ಹದಿನೈದನೇ ವರ್ಷದವರು ಇಡೀ ಕಂಪನಿಯ ಬಗ್ಗೆ, ಕೆಲವೊಮ್ಮೆ ತಮ್ಮ ಹೆಸರೇ ಕೇಳಿರದ ಯಾರದೋ ಬದುಕಿನ ಬಗ್ಗೆ ಕೇಳಿಕೊಳ್ಳಬೇಕಾಗುತ್ತದೆ. ನನ್ನ ಮಟ್ಟಿಗೆ ಈ ವೃತ್ತಿಯಲ್ಲಿ ಬೆಳವಣಿಗೆ ಅಂದರೆ ಇಷ್ಟೇ, ಹುದ್ದೆಯ ಹೆಸರು ಏನೇ ಇರಲಿ.

ಮೂರನೆಯ ಉತ್ತರ

ಮೊದಲು ಆ ಇನ್ನೂರು ರೂಪಾಯಿ ಎಲ್ಲಿ ಹೋಯಿತು ನೋಡೋಣ. ಯುಪಿಐ 2016ರಲ್ಲಿ ಶುರುವಾಯಿತು, ಅದನ್ನು ನಡೆಸುವುದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ ಎನ್‌ಪಿಸಿಐ. ನಿಮ್ಮ ಆ್ಯಪ್ ತನ್ನ ಜೊತೆಗಿರುವ ಬ್ಯಾಂಕಿನ ಮೂಲಕ ಎನ್‌ಪಿಸಿಐಗೆ ಕೋರಿಕೆ ಕಳಿಸುತ್ತದೆ. ಎನ್‌ಪಿಸಿಐ ನಿಮ್ಮ ಖಾತೆ ಇರುವ ಬ್ಯಾಂಕಿಗೆ ಇನ್ನೂರು ಕಳೆಯಲು ಹೇಳುತ್ತದೆ. ಕಳೆದಾಯಿತು ಎಂಬ ಉತ್ತರ ಬಂದ ಮೇಲೆ ಅಂಗಡಿಯವರ ಬ್ಯಾಂಕಿಗೆ ಇನ್ನೂರು ಸೇರಿಸಲು ಹೇಳುತ್ತದೆ. ಅಲ್ಲಿಂದಲೂ ಉತ್ತರ ಬಂದರೆ ಎರಡೂ ಕಡೆಯ ಆ್ಯಪ್‌ಗಳಿಗೆ ಸುದ್ದಿ ಹೋಗುತ್ತದೆ. ಬೇರೆ ಬೇರೆ ಸಂಸ್ಥೆಗಳ ಕಂಪ್ಯೂಟರ್‌ಗಳು, ನಡುವೆ ಎಲ್ಲಿ ಬೇಕಾದರೂ ಕಡಿದುಹೋಗಬಹುದಾದ ನೆಟ್‌ವರ್ಕ್.

ಕಾಲೇಜಿನಲ್ಲಿ ಕೋಡ್ ಬರೆಯುವಾಗ ಒಂದು ಫಂಕ್ಷನ್ ಕರೆದರೆ ಎರಡೇ ಸಾಧ್ಯತೆ, ಆಯಿತು ಅಥವಾ ಎರರ್ ಬಂತು. ಬೇರೆ ಕಂಪ್ಯೂಟರನ್ನು ಕರೆದ ಕೂಡಲೇ ಮೂರನೆಯದೊಂದು ಸೇರಿಕೊಳ್ಳುತ್ತದೆ: ಗೊತ್ತಿಲ್ಲ. ಅಂಗಡಿಯವರ ಬ್ಯಾಂಕಿನಿಂದ ಉತ್ತರ ಬರಲಿಲ್ಲ ಎಂದಿಟ್ಟುಕೊಳ್ಳಿ. ಕೋರಿಕೆ ಅಲ್ಲಿಗೆ ತಲುಪಲೇ ಇಲ್ಲವೇ? ತಲುಪಿ, ದುಡ್ಡು ಸೇರಿಸುವ ಮೊದಲೇ ಅವರ ಸರ್ವರ್ ಬಿತ್ತೇ? ಅಥವಾ ದುಡ್ಡು ಸೇರಿ, "ಆಯಿತು" ಎಂಬ ಉತ್ತರ ದಾರಿಯಲ್ಲಿ ಕಳೆದುಹೋಯಿತೇ? ಕಳಿಸಿದವರ ಕಡೆಯಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಎಷ್ಟೇ ಬುದ್ಧಿವಂತರಾದರೂ, ಎಷ್ಟೇ ದುಬಾರಿ ಸರ್ವರ್ ಇದ್ದರೂ ಇದನ್ನು ಕೂತಲ್ಲಿಂದ ಬೇರ್ಪಡಿಸಲಾಗದು.

"ಅಪರೂಪಕ್ಕೆ ಆಗುವುದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ" ಎಂದು ಹೊಸಬರು ಕೇಳುತ್ತಾರೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ 2,000 ಕೋಟಿ ವ್ಯವಹಾರ ದಾಟಿತು. ಸರಾಸರಿ ತೆಗೆದರೆ ಸೆಕೆಂಡಿಗೆ 7,400ಕ್ಕೂ ಹೆಚ್ಚು. ಲಕ್ಷಕ್ಕೆ ಒಂದೇ ಒಂದು ಹೀಗೆ ನಡುವೆ ಸಿಕ್ಕಿಬೀಳುತ್ತದೆ ಎಂದುಕೊಂಡರೂ ತಿಂಗಳಿಗೆ ಎರಡು ಲಕ್ಷ ಜನ "ನಂಗೆ ಬಂದಿಲ್ಲ ಸಾರ್" ಕೇಳುತ್ತಾರೆ. ಈ ಅಳತೆಯಲ್ಲಿ ಅಪರೂಪ ಎನ್ನುವುದು ದಿನಚರಿಯೇ ಆಗಿಬಿಡುತ್ತದೆ.

ಗೊತ್ತಿಲ್ಲದಿದ್ದಾಗ ಮನುಷ್ಯರು ಮಾಡುವುದನ್ನೇ ಯಂತ್ರವೂ ಮಾಡುತ್ತದೆ, ಇನ್ನೊಮ್ಮೆ ಕೇಳುತ್ತದೆ. ಆದರೆ ಮೊದಲ ಸಲವೇ ದುಡ್ಡು ಸೇರಿದ್ದರೆ? ಇನ್ನೊಮ್ಮೆ ಸೇರಿಬಿಡುತ್ತದೆ. ಇದಕ್ಕೆ ಇರುವ ಉಪಾಯದ ಹೆಸರು ಐಡೆಂಪೊಟೆನ್ಸಿ. ಹೆಸರು ಕೇಳಿ ಹೆದರಬೇಕಿಲ್ಲ. ದರ್ಶಿನಿಯಲ್ಲಿ ದೋಸೆಗೆ ಬಿಲ್ ಮಾಡಿಸಿ ಕೌಂಟರಿನಲ್ಲಿ ಕೊಟ್ಟರೆ ಅವರು ಬಿಲ್ಲನ್ನು ಅರ್ಧ ಹರಿಯುತ್ತಾರೆ. ಅದೇ ಬಿಲ್ಲನ್ನು ನೀವು ಹತ್ತು ಸಲ ಚಾಚಿದರೂ ಸಿಗುವುದು ಒಂದೇ ದೋಸೆ. ಪ್ರತಿ ವ್ಯವಹಾರಕ್ಕೂ ಕಳಿಸುವವರು ಮೊದಲೇ ಒಂದು ಗುರುತಿನ ಸಂಖ್ಯೆ ಕಟ್ಟಿ ಕಳಿಸುತ್ತಾರೆ. ಪಡೆಯುವವರು ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುತ್ತಾರೆ. ಅದೇ ಸಂಖ್ಯೆ ಮತ್ತೆ ಬಂದರೆ ಹೊಸದಾಗಿ ದುಡ್ಡು ಸೇರಿಸದೆ, ಹಿಂದೆ ಕೊಟ್ಟ ಉತ್ತರವನ್ನೇ ಮತ್ತೆ ಕೊಡುತ್ತಾರೆ.

ಕೇಳಲು ಸುಲಭ. ಬರೆಯಲು ಕೂತಾಗ ತೊಡಕು ಶುರುವಾಗುತ್ತದೆ. ಸಂಖ್ಯೆ ಬರೆದಿಡುವುದು ಮತ್ತು ದುಡ್ಡು ಸೇರಿಸುವುದು ಎರಡು ಕೆಲಸ. ಒಂದು ಆಗಿ ಇನ್ನೊಂದು ಆಗುವ ಮೊದಲು ಕರೆಂಟ್ ಹೋದರೆ? ಎರಡನ್ನೂ ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನ್ ಒಳಗೆ ಕಟ್ಟಬೇಕು, ಆಗುವುದಾದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು. ಒಂದೇ ಸಂಖ್ಯೆಯ ಎರಡು ಕೋರಿಕೆಗಳು ಒಂದೇ ಗಳಿಗೆಯಲ್ಲಿ ಬಂದರೆ? ಕೋಡಿನಲ್ಲಿ "ಇದೆಯೇ ನೋಡು, ಇಲ್ಲದಿದ್ದರೆ ಸೇರಿಸು" ಎಂದು ಬರೆದರೆ ಸಾಲದು. ಇಬ್ಬರೂ ಒಟ್ಟಿಗೆ ನೋಡುತ್ತಾರೆ, ಇಬ್ಬರಿಗೂ "ಇಲ್ಲ" ಎಂದು ಕಾಣುತ್ತದೆ, ಇಬ್ಬರೂ ಸೇರಿಸುತ್ತಾರೆ. ಒಂದೇ ಸಂಖ್ಯೆ ಎರಡು ಸಲ ಬರಕೂಡದು ಎಂದು ಡೇಟಾಬೇಸಿಗೇ ಯುನೀಕ್ ಎಂಬ ಕಟ್ಟಳೆ ಹಾಕಬೇಕು. ಟ್ರಾನ್ಸಾಕ್ಷನ್ ಎಂಬ ಈ ಪರಿಕಲ್ಪನೆಗೆ ಗಟ್ಟಿ ರೂಪ ಕೊಟ್ಟವರಲ್ಲಿ ಮುಖ್ಯರಾದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂತು. ಅವರ ಕಾಲದ ಕಂಪ್ಯೂಟರ್‌ಗಳು ಇಂದು ಮ್ಯೂಸಿಯಂನಲ್ಲಿವೆ. ಆ ಪ್ರಶ್ನೆ ಮಾತ್ರ ಇವತ್ತಿನ ಸ್ಟ್ಯಾಂಡಪ್ ಮೀಟಿಂಗಿನಲ್ಲೂ ಏಳುತ್ತದೆ.

ಇನ್ನೂ ಒಂದು ಪದರವಿದೆ. ಇಷ್ಟೆಲ್ಲ ಮಾಡಿದರೂ ಎರಡು ಬ್ಯಾಂಕುಗಳ ಪುಸ್ತಕ ಹೊಂದದೆ ಇರಬಹುದು. ಹಾಗಾಗಿ ಎಲ್ಲರೂ ತಮ್ಮ ತಮ್ಮ ದಾಖಲೆ ತಂದು ಸಾಲು ಸಾಲಾಗಿ ತಾಳೆ ನೋಡುತ್ತಾರೆ. ಇದನ್ನು ಆಫೀಸಿನಲ್ಲಿ ರೀಕಾನ್ ಎನ್ನುತ್ತಾರೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಗಡುವನ್ನೇ ಹಾಕಿತು. ಒಬ್ಬರಿಂದ ಒಬ್ಬರಿಗೆ ಕಳಿಸಿದ ಯುಪಿಐ ಹಣ ಕಡಿತವಾಗಿ ಆ ಕಡೆ ಸೇರದಿದ್ದರೆ ಮಾರನೆಯ ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅಂಗಡಿಗೆ ಕೊಟ್ಟ ಹಣಕ್ಕೆ ಐದು ದಿನ. ನಿಮ್ಮ ಆ್ಯಪ್ "ಫೇಲ್" ಎನ್ನದೆ "ಪೆಂಡಿಂಗ್" ಎಂದಿದ್ದು ಸೋಮಾರಿತನದಿಂದಲ್ಲ. ಗೊತ್ತಿಲ್ಲದಿರುವುದನ್ನು ಗೊತ್ತಿಲ್ಲ ಎಂದೇ ಹೇಳುವುದು ಅಲ್ಲಿ ಬೇಕೆಂದೇ ಮಾಡಿದ ವಿನ್ಯಾಸ. ಎಂಜಿನಿಯರ್ ಧೈರ್ಯ ಮಾಡಿ "ಫೇಲ್" ಎಂದು ತೋರಿಸಿದ್ದರೆ ನೀವು ಇನ್ನೊಮ್ಮೆ ಕಳಿಸುತ್ತಿದ್ದಿರಿ, ಎರಡೂ ಹೋಗುತ್ತಿತ್ತು.

ಮೊದಲ ಮೆಟ್ಟಿಲು

ಈಗ ಈ ಕೆಲಸಕ್ಕೆ ಬರುವವರ ದಾರಿ. ನಮ್ಮಲ್ಲಿ ಎರಡು ಮುಖ್ಯ ಬಾಗಿಲು. ಒಂದು, ಬೇರೆ ಕಂಪನಿಗಳ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ಸರ್ವಿಸ್ ಕಂಪನಿ: ಕ್ಯಾಂಪಸ್ಸಿನಲ್ಲಿ ಆಯ್ಕೆ, ಮೈಸೂರಿನ ಇನ್ಫೊಸಿಸ್ ಕ್ಯಾಂಪಸ್ಸಿನಂಥ ಕಡೆ ತರಬೇತಿ, ಕೆಲವೊಮ್ಮೆ ಪ್ರಾಜೆಕ್ಟ್ ಸಿಗುವವರೆಗೆ ಕಾಯುವ ಬೆಂಚ್, ಆಮೇಲೆ ಯಾವುದೋ ದೇಶದ ಬ್ಯಾಂಕಿನದೋ ವಿಮೆಯದೋ ಪ್ರಾಜೆಕ್ಟ್. ಇನ್ನೊಂದು, ತನ್ನದೇ ಸಾಫ್ಟ್‌ವೇರ್ ಕಟ್ಟುವ ಪ್ರಾಡಕ್ಟ್ ಕಂಪನಿ, ಸ್ಟಾರ್ಟಪ್ ಅಥವಾ ವಿದೇಶಿ ಕಂಪನಿಗಳು ಇಲ್ಲೇ ತೆರೆದ ಸ್ವಂತ ಕೇಂದ್ರಗಳು. ಸಂಬಳದ ವ್ಯತ್ಯಾಸ ದೊಡ್ಡದು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ "ಸಪೋರ್ಟ್ ಪ್ರಾಜೆಕ್ಟ್ ಸಿಕ್ಕಿತು, ನನ್ನ ಕೆರಿಯರ್ ಮುಗಿಯಿತು" ಎಂದು ಕಣ್ಣೀರಿಡುವ ಹುಡುಗ ಹುಡುಗಿಯರಿಗೆ ನಾನು ಯಾವಾಗಲೂ ಹೇಳುವುದೊಂದಿದೆ. ಬೇರೆಯವರು ಬರೆದ, ಹತ್ತು ವರ್ಷ ಹಳೆಯ, ಬೆಳಗಿನ ಜಾವ ಕೆಡುವ ಸಿಸ್ಟಂ ಓದಿ ಅರ್ಥ ಮಾಡಿಕೊಳ್ಳುವುದು ಬ್ಯಾಕೆಂಡಿನ ಅರ್ಧ ವಿದ್ಯೆ. ಹೊಸ ಕೋಡ್ ಬರೆಯುತ್ತಲೇ ಇರುವವರಿಗೆ ಅದು ತಡವಾಗಿ ಸಿಗುತ್ತದೆ. ಟಿಕೆಟ್, ಅಂದರೆ ದಾಖಲಾದ ದೂರು, ಮುಚ್ಚುವುದರಲ್ಲೇ ವರ್ಷಗಟ್ಟಲೆ ಉಳಿದುಬಿಟ್ಟರೆ ಮಾತ್ರ ತೊಂದರೆ. ಕಾರಣ ಹುಡುಕದೆ ಸರ್ವರ್ ರೀಸ್ಟಾರ್ಟ್ ಮಾಡಿ ಟಿಕೆಟ್ ಮುಚ್ಚುವ ಅಭ್ಯಾಸ ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ.

ಮೊದಲ ಎರಡು ಮೂರು ವರ್ಷ ಕೆಲಸ ಸಣ್ಣದಾಗಿ ಕಾಣುತ್ತದೆ. ಒಂದು ಎಪಿಐ (ಒಂದು ಪ್ರೋಗ್ರಾಂ ಇನ್ನೊಂದನ್ನು ಕೇಳುವ ದಾರಿ) ಬರೆ, ಟೇಬಲ್ಲಿಗೆ ಒಂದು ಕಾಲಂ ಸೇರಿಸು, ಒಂದು ಬಗ್ ಸರಿಮಾಡು. ಈ ಹೊತ್ತಿನಲ್ಲಿ ಗಟ್ಟಿಯಾಗಬೇಕಾದವು ಹೊಳೆಯುವ ವಸ್ತುಗಳಲ್ಲ: ಡೇಟಾಬೇಸನ್ನು ಪ್ರಶ್ನಿಸುವ ಭಾಷೆ ಎಸ್‌ಕ್ಯೂಎಲ್, ಲಿನಕ್ಸ್ ಕಮಾಂಡ್‌ಗಳು, ವೆಬ್ ಮಾತಾಡುವ ನಿಯಮ ಎಚ್‌ಟಿಟಿಪಿ, ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ಲಾಗ್ ಓದುವುದು. ಎಡ್ಗರ್ ಕಾಡ್ ರಿಲೇಶನಲ್ ಡೇಟಾಬೇಸಿನ (ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಪದ್ಧತಿ) ಪ್ರಬಂಧ ಬರೆದದ್ದು 1970ರಲ್ಲಿ. ಅದಕ್ಕೆ ಬದಲಿ ಬಂತು ಎಂಬ ಘೋಷಣೆ ಎಷ್ಟು ಸಲ ಕೇಳಿದ್ದೇವೋ, ಆದರೂ ಇವತ್ತಿಗೂ ಹಣದ ಲೆಕ್ಕ ಇರುವ ಬಹುತೇಕ ಕಡೆ ಅದೇ ಇದೆ.

ಇಂಟರ್ವ್ಯೂ ಬೇರೆ ಲೋಕ. ಅಲ್ಲಿ ಬೈನರಿ ಟ್ರೀ ತಲೆಕೆಳಗೆ ಮಾಡಲು ಹೇಳುತ್ತಾರೆ, ಕೆಲಸದಲ್ಲಿ ಅದನ್ನು ಮಾಡುವ ಪ್ರಸಂಗ ಬರುವುದೇ ಕಡಿಮೆ. ಆಟದ ನಿಯಮ ಹಾಗಿದೆ, ಆಡಲೇಬೇಕು. ಆದರೆ ಇಂಟರ್ವ್ಯೂ ಗೆದ್ದ ಮೇಲೂ ಅದೇ ಅಳತೆಗೋಲಿನಿಂದ ಸಹೋದ್ಯೋಗಿಗಳನ್ನು ಅಳೆಯುವವರನ್ನು ನೋಡಿದರೆ ನಗು ಬರುತ್ತದೆ.

ರಾತ್ರಿ ಫೋನ್ ಬಡಿದುಕೊಂಡಾಗ

ಎಸ್‌ಡಿಇ-1 (ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಎಂಜಿನಿಯರ್, ಮೊದಲ ಹಂತ) ಎಂಬುದು ಎಸ್‌ಡಿಇ-2 ಆಗುವ ಹೊತ್ತಿಗೆ ಹೆಸರು ಆನ್-ಕಾಲ್ ಪಟ್ಟಿ ಸೇರುತ್ತದೆ. ವಾರದ ಮಟ್ಟಿಗೆ ಸಿಸ್ಟಂ ಕೆಟ್ಟರೆ ಮೊದಲ ಕರೆ ನಿಮಗೆ. ಎಂಜಿನಿಯರ್ ನಿಜವಾಗಿ ತಯಾರಾಗುವುದು ಇಲ್ಲೇ ಎಂಬುದು ನನ್ನ ಪಕ್ಷಪಾತ. ತಾನು ಬರೆದದ್ದು ಬೇರೆಯವರ ನಿದ್ದೆ ಕೆಡಿಸುತ್ತದೆ ಎಂದು ತಿಳಿದ ಮೇಲೆ ಕೋಡಿನ ರೀತಿಯೇ ಬದಲಾಗುತ್ತದೆ. "ಸಮ್‌ಥಿಂಗ್ ವೆಂಟ್ ರಾಂಗ್" ಎಂದು ಬರೆಯುತ್ತಿದ್ದ ಕೈ ಆಮೇಲೆ ಯಾವ ಆರ್ಡರ್, ಯಾವ ಹಂತ, ಯಾರು ಉತ್ತರ ಕೊಡಲಿಲ್ಲ ಎಂಬುದನ್ನು ಲಾಗಿನಲ್ಲಿ ಬರೆಯುತ್ತದೆ.

2017ರ ಜನವರಿ 31ರ ಕಥೆ ಈ ವೃತ್ತಿಯವರಿಗೆಲ್ಲ ಗೊತ್ತಿರಬೇಕು. ಗಿಟ್‌ಲ್ಯಾಬ್ ಎಂಬ ಕಂಪನಿ, ಬೇರೆ ಕಂಪನಿಗಳ ಕೋಡ್ ಇಟ್ಟುಕೊಳ್ಳುವ ಕೆಲಸ ಅದರದು. ಡೇಟಾಬೇಸಿನ ಮೇಲೆ ಒತ್ತಡ ಹೆಚ್ಚಾಗಿ, ಮುಖ್ಯ ಸರ್ವರಿನ ಪ್ರತಿಯಾಗಿದ್ದ ಎರಡನೇ ಸರ್ವರ್ ಹಿಂದೆ ಬಿದ್ದಿತ್ತು. ತಡರಾತ್ರಿ ಅದನ್ನು ಸರಿಮಾಡಲು ಕೂತ ಎಂಜಿನಿಯರ್ ಎರಡನೇ ಸರ್ವರಿನ ಡೇಟಾ ಫೋಲ್ಡರ್ ಅಳಿಸಲು ಕಮಾಂಡ್ ಕೊಟ್ಟರು. ಕಮಾಂಡ್ ಓಡಿದ್ದು ಮುಖ್ಯ ಸರ್ವರಿನಲ್ಲಿ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು, ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ ಜಿಬಿ.

ಇರಲಿ, ಬ್ಯಾಕಪ್ ಇದೆಯಲ್ಲ? ಐದು ಬಗೆಯ ಬ್ಯಾಕಪ್ ಮತ್ತು ನಕಲು ವ್ಯವಸ್ಥೆಗಳಿದ್ದವು, ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ದಿನನಿತ್ಯದ ಬ್ಯಾಕಪ್ ತೆಗೆಯುವ ಪ್ರೋಗ್ರಾಂ ಡೇಟಾಬೇಸಿನ ಹಳೆಯ ಆವೃತ್ತಿಯದಾಗಿದ್ದು ಪ್ರತಿ ದಿನ ಸೋಲುತ್ತಿತ್ತು. ಸೋತಿತು ಎಂದು ಇಮೇಲ್ ಕಳಿಸುತ್ತಲೂ ಇತ್ತು, ಆ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕೊನೆಗೆ ಉಳಿಸಿದ್ದು, ಪರೀಕ್ಷೆಗೆಂದು ಆರು ಗಂಟೆ ಮುಂಚೆ ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಆರು ಗಂಟೆಯ ಡೇಟಾ ಹೋಯಿತು, ಉಳಿದದ್ದು ಬಂತು.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಅಳಿಸಿದ ಕಮಾಂಡ್ ಅಲ್ಲ, ಆಮೇಲೆ ಕಂಪನಿ ನಡೆದುಕೊಂಡ ರೀತಿ. ಡೇಟಾ ಮರಳಿ ತರುವ ಕೆಲಸವನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿದರು. ಏನೇನು ಕೆಟ್ಟಿತ್ತು ಎಂಬುದನ್ನೆಲ್ಲ ಬರೆದು ಪ್ರಕಟಿಸಿದರು. ಎಂಜಿನಿಯರನ್ನು ಕೆಲಸದಿಂದ ತೆಗೆಯಲಿಲ್ಲ. ಯಾರನ್ನೂ ದೂರದೆ ಕಾರಣ ಮಾತ್ರ ಹುಡುಕುವ, ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಂ ಎಂದು ಕರೆಯುವ ಈ ಪದ್ಧತಿಯನ್ನು ಕೆಲವರು ಮೆತ್ತನೆಯ ಮನಸ್ಸಿನ ಲಕ್ಷಣ ಎಂದುಕೊಳ್ಳುತ್ತಾರೆ. ಲೆಕ್ಕಾಚಾರ ಬೇರೆಯೇ ಇದೆ. ತಪ್ಪು ಮಾಡಿದವರಿಗೆ ಶಿಕ್ಷೆ ಎಂದಾದರೆ ಮುಂದಿನವರು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಕಂಪನಿಗೆ ತನ್ನ ಐದು ಬ್ಯಾಕಪ್‌ಗಳೂ ಸತ್ತಿವೆ ಎಂದು ಯಾವತ್ತೂ ಗೊತ್ತಾಗುವುದಿಲ್ಲ. ನಮ್ಮ ಕಡೆಯ ಎಷ್ಟೋ ಆಫೀಸುಗಳಲ್ಲಿ ಈಗಲೂ "ಯಾರು ಮಾಡಿದ್ದು?" ಎಂಬುದೇ ಮೊದಲ ಪ್ರಶ್ನೆ. ಮೇಲಿನವರು ಆ ಪ್ರಶ್ನೆ ಕೇಳಿದ ಕೂಡಲೇ ಕೆಳಗಿನವರು ಲಾಗ್ ಹುಡುಕುವುದನ್ನು ಬಿಟ್ಟು ಇಮೇಲ್ ಹುಡುಕಲು ಶುರುಮಾಡುತ್ತಾರೆ.

ಇನ್ನೊಂದು ನಮ್ಮದೇ ದೇಶದ ಉದಾಹರಣೆ. 2025ರ ಏಪ್ರಿಲ್ 12ರಂದು ಯುಪಿಐ ಹಲವು ಗಂಟೆ ಒದ್ದಾಡಿತು. ಎನ್‌ಪಿಸಿಐ ಕಂಡುಕೊಂಡ ಕಾರಣ ಕುತೂಹಲದ್ದು. "ಆ ವ್ಯವಹಾರ ಏನಾಯಿತು?" ಎಂದು ಕೇಳುವ ಎಪಿಐ ಮೇಲೆ ಕೋರಿಕೆಗಳ ಪ್ರವಾಹ. ಕೆಲವು ಬ್ಯಾಂಕುಗಳ ಕಡೆಯಿಂದ ಹಳೆಯ ವ್ಯವಹಾರಗಳ ಬಗ್ಗೆಯೂ ಮತ್ತೆ ಮತ್ತೆ ಅದೇ ಪ್ರಶ್ನೆ ಬರುತ್ತಿತ್ತು. ಉತ್ತರ ಬರದಿದ್ದರೆ ಇನ್ನೊಮ್ಮೆ ಕೇಳು ಎಂದು ಕೋಡ್ ಬರೆದವರು ಬುದ್ಧಿವಂತರೇ. ಆದರೆ ಎದುರಿನ ಸರ್ವರ್ ಸುಸ್ತಾಗಿ ನಿಧಾನವಾದ ಹೊತ್ತಿಗೇ ಎಲ್ಲರ ಕೋಡೂ ಒಟ್ಟಿಗೆ "ಇನ್ನೊಮ್ಮೆ" ಎಂದರೆ ಆ ಸರ್ವರ್ ಏಳುವುದೇ ಇಲ್ಲ. ಆದ್ದರಿಂದ ಪ್ರತಿ ಸಲ ಕೇಳುವ ಮುನ್ನ ಕಾಯುವ ಅವಧಿ ಹೆಚ್ಚಬೇಕು, ಎಲ್ಲರೂ ಒಂದೇ ಕ್ಷಣದಲ್ಲಿ ಕೇಳದಂತೆ ಆ ಅವಧಿ ಒಬ್ಬೊಬ್ಬರಿಗೆ ಸ್ವಲ್ಪ ಹೆಚ್ಚುಕಮ್ಮಿ ಇರಬೇಕು, ಇಷ್ಟು ಸಲದ ಮೇಲೆ ಸುಮ್ಮನಾಗಬೇಕು. ಆಮೇಲೆ ಎನ್‌ಪಿಸಿಐ ಇಂಥ ಎಪಿಐಗಳಿಗೆ ಮಿತಿ ಹಾಕಿತು. ಆ ವರ್ಷದ ಆಗಸ್ಟ್ 1ರಿಂದ ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು ಎಂಬ ನಿಯಮ ಬಂದದ್ದು ಇದರ ಜೊತೆಗೇ. ತಾವು ಬರೆದ ಒಂದು ಪ್ರೋಗ್ರಾಂ ಮಟ್ಟಿಗೆ ಸರಿ ಇದ್ದದ್ದು ಎಲ್ಲರದ್ದೂ ಸೇರಿದಾಗ ತಪ್ಪಾಗುತ್ತದೆ ಎಂದು ಮೊದಲೇ ಊಹಿಸಬಲ್ಲವರನ್ನು ಸೀನಿಯರ್ ಎನ್ನಬಹುದು, ಅನುಭವದ ವರ್ಷ ಎಷ್ಟೇ ಇರಲಿ.

ಮೇಲಿನ ಮೆಟ್ಟಿಲುಗಳು

ಸೀನಿಯರ್ ಆದ ಮೇಲೆ ದಾರಿ ಕವಲೊಡೆಯುತ್ತದೆ. ಒಂದು ಮ್ಯಾನೇಜರ್ ಕಡೆಗೆ, ಇನ್ನೊಂದು ಸ್ಟಾಫ್, ಪ್ರಿನ್ಸಿಪಲ್ ಎಂದು ಎಂಜಿನಿಯರ್ ಆಗಿಯೇ ಮೇಲಕ್ಕೆ. ಈ ಎರಡನೇ ದಾರಿ ಬೆಂಗಳೂರಿನಲ್ಲಿ ಗಟ್ಟಿಯಾಗಿ ತೆರೆದುಕೊಂಡದ್ದು ಈಚೆಗೆ. ಹಿಂದೆ ನಲವತ್ತು ದಾಟಿಯೂ ಕೋಡ್ ಬರೆಯುವವರನ್ನು ಮದುವೆ ಮನೆಗಳಲ್ಲಿ ಕನಿಕರದಿಂದ ನೋಡುತ್ತಿದ್ದರು. "ಇನ್ನೂ ಟೀಮ್ ಸಿಕ್ಕಿಲ್ವಾ?"

ಆದರೆ ಸ್ಟಾಫ್ ಎಂಜಿನಿಯರ್ ಬರೆಯುವ ಕೋಡ್ ಕಡಿಮೆಯೇ. ಅವರು ಹೆಚ್ಚು ಬರೆಯುವುದು ಡಿಸೈನ್ ಡಾಕ್ಯುಮೆಂಟ್. ಏನು ಕಟ್ಟುತ್ತೇವೆ, ಯಾಕೆ, ಬೇರೆ ಯಾವ ದಾರಿಗಳನ್ನು ಬಿಟ್ಟೆವು, ಕೆಟ್ಟರೆ ಹಿಂದಕ್ಕೆ ಹೇಗೆ ಹೋಗುತ್ತೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಒಳ್ಳೆಯ ಎಂಜಿನಿಯರ್‌ಗಳು ಈ ಮೆಟ್ಟಿಲಲ್ಲಿ ತಡೆದು ನಿಲ್ಲುವುದನ್ನು ನೋಡಿದ್ದೇನೆ. ಅವರಿಗೆ ಸಿಸ್ಟಂ ಕರತಲಾಮಲಕ, ಬರೆಯಲು ಕೂತರೆ ಇಂಗ್ಲಿಷಿನ ಅಳುಕು. ಡಿಸೈನ್ ಡಾಕ್ಯುಮೆಂಟಿಗೆ ಚಂದದ ಇಂಗ್ಲಿಷ್ ಬೇಕಿಲ್ಲ. ಚಿಕ್ಕ ವಾಕ್ಯ, ನಿಖರ ಸಂಖ್ಯೆ, ಒಂದು ಚಿತ್ರ ಸಾಕು. ಮೊದಲು ಕನ್ನಡದಲ್ಲೇ ಯೋಚಿಸಿ ಗೆಳೆಯರಿಗೆ ವಿವರಿಸಿ ನೋಡಿದವರ ಡಾಕ್ಯುಮೆಂಟ್‌ಗಳು ಎಷ್ಟೋ ಸಲ ಬೇರೆಯವುಗಳಿಗಿಂತ ತಿಳಿಯಾಗಿರುತ್ತವೆ.

ಈ ಹಂತದಲ್ಲಿ "ಅರ್ಧಕ್ಕೆ ನಿಂತರೆ?" ಎಂಬ ಪ್ರಶ್ನೆ ಕೋಡನ್ನು ಬಿಟ್ಟು ಬದಲಾವಣೆಯ ಮೇಲೆ ಬೀಳುತ್ತದೆ. ಹಳೆಯ ಕೋಡ್ ತೆಗೆದು ಹೊಸದು ಹಾಕುವ ಆ ಹತ್ತು ನಿಮಿಷ ಎರಡೂ ಒಟ್ಟಿಗೆ ಓಡುತ್ತಿರುತ್ತವೆ. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವಹಿವಾಟು ಸಂಸ್ಥೆಯ ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಮಾತ್ರ ಹೊಸ ಕೋಡ್ ಹೋಗಿತ್ತು. ಎಂಟನೆಯದರಲ್ಲಿ ವರ್ಷಗಳಿಂದ ಬಳಕೆಯಲ್ಲಿಲ್ಲದ ಹಳೆಯ ಕೋಡ್ ಹಾಗೇ ಕೂತಿತ್ತು. ಅದನ್ನು ಹಿಂದೆ ಎಬ್ಬಿಸುತ್ತಿದ್ದ ಸ್ವಿಚ್ಚನ್ನೇ ಹೊಸ ಕೆಲಸಕ್ಕೂ ಬಳಸಿಕೊಂಡಿದ್ದರು, ಹಾಗಾಗಿ ಎಂಟನೆಯದರಲ್ಲಿ ಹಳೆಯ ಕೋಡೇ ಎದ್ದು ತಪ್ಪು ವಹಿವಾಟು ಮಾಡತೊಡಗಿತು. ಮಾರುಕಟ್ಟೆ ತೆರೆದ 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಮಾರುಕಟ್ಟೆ ತೆರೆಯುವ ಮೊದಲೇ ಸಿಸ್ಟಂ 97 ಇಮೇಲ್ ಕಳಿಸಿ ಹೇಳಿತ್ತು, ಯಾರೂ ನೋಡಲಿಲ್ಲ. ಬಳಸದ ಕೋಡ್ ತೆಗೆದುಹಾಕುವ ಕೆಲಸಕ್ಕೆ ಯಾವ ಮ್ಯಾನೇಜರ್ ಕೂಡ ಹೈಕ್ ಕೊಡುವುದಿಲ್ಲ. ಆದರೂ ಕೂತು ತೆಗೆಯುವವರು ಇರುತ್ತಾರೆ, ಕಂಪನಿಗಳು ಉಳಿದಿರುವುದು ಅಂಥವರಿಂದ.

ಸ್ವಿಚ್ ಬಗ್ಗೆ ಎರಡು ಮಾತು (ಲೈಟ್ ಸ್ವಿಚ್ ಅಲ್ಲ, ಕಂಪನಿಯದು). ವರ್ಷಕ್ಕೊಂದು ಕಂಪನಿ ಬದಲಾಯಿಸಿದರೆ ಸಂಬಳ ಏರುತ್ತದೆ, ನಿಜ. ತಾನು ಮಾಡಿದ ನಿರ್ಧಾರ ಮೂರನೇ ವರ್ಷ ಹೇಗೆ ಕೊಳೆಯುತ್ತದೆ ಎಂಬುದು ಮಾತ್ರ ಅಂಥವರಿಗೆ ನೋಡಲು ಸಿಗುವುದಿಲ್ಲ. 90 ದಿನದ ನೋಟಿಸ್ ಪೀರಿಯಡ್ ಎಲ್ಲರಿಗೂ ಕಿರಿಕಿರಿ. ಆ ಮೂರು ತಿಂಗಳಲ್ಲಿ ಕೈಬಿಟ್ಟು ಹೋಗುವ ಸಿಸ್ಟಂಗೆ ಸರಿಯಾದ ಟಿಪ್ಪಣಿ ಬರೆದಿಟ್ಟು ಹೋದವರ ಹೆಸರು ವರ್ಷಗಳ ನಂತರವೂ ಟೀಮಿನಲ್ಲಿ ಕೇಳಿಬರುತ್ತದೆ.

ಲೆಕ್ಕ ತಪ್ಪಿದಾಗ ಯಾರು ತೆರುತ್ತಾರೆ

ಬ್ರಿಟನ್ನಿನ ಅಂಚೆ ಕಚೇರಿಗಳಿಗೆ 1999ರಿಂದ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಅದನ್ನು ನಡೆಸುತ್ತಿದ್ದದ್ದು ಜಪಾನಿನ ಕಂಪನಿ ಫುಜಿತ್ಸು. ಊರೂರಿನ ಸಣ್ಣ ಅಂಚೆ ಕಚೇರಿಗಳನ್ನು ನಡೆಸುವ ಸಬ್-ಪೋಸ್ಟ್‌ಮಾಸ್ಟರ್‌ಗಳ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಕೊರತೆ ಕಾಣಿಸತೊಡಗಿತು. ಸಾಫ್ಟ್‌ವೇರ್ ಸರಿಯಿದೆ, ನೀವೇ ಕದ್ದಿದ್ದೀರಿ ಎಂದಿತು ಅಂಚೆ ಸಂಸ್ಥೆ. ಜನ ಮನೆ ಒತ್ತೆಯಿಟ್ಟು ಹಣ ತುಂಬಿದರು, ಜೈಲಿಗೆ ಹೋದರು, ಕೆಲವರು ಜೀವ ಕಳೆದುಕೊಂಡರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಹೊರೈಜನ್‌ನಲ್ಲಿ ದೋಷಗಳಿದ್ದವು ಎಂದು ಹೈಕೋರ್ಟ್ ತೀರ್ಪು ಬಂದದ್ದು 2019ರಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬರಲು 2024 ಆಗಬೇಕಾಯಿತು.

ಆ ದೋಷಗಳಲ್ಲಿ ಒಂದಕ್ಕೆ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಎಂಬ ಊರಿನ ಹೆಸರಿದೆ. ಹಣದ ಜಮೆ ದಾಖಲಿಸುವಾಗ ಪರದೆ ನಿಂತುಹೋಯಿತು. ಏನೂ ಆಗಲಿಲ್ಲ ಎಂದುಕೊಂಡು ಎಂಟರ್ ಕೀಯನ್ನು ಮತ್ತೆ ಮತ್ತೆ ಒತ್ತಿದರು. ಒತ್ತಿದಷ್ಟೂ ಸಲ ಅದೇ ಹಣ ಹೊಸದಾಗಿ ಲೆಕ್ಕಕ್ಕೆ ಸೇರಿತು. ನಾವು ಮೇಲೆ ನೋಡಿದ ಐಡೆಂಪೊಟೆನ್ಸಿ ಇಲ್ಲದಿದ್ದರೆ ಆಗುವುದು ಇದೇ. ಪಠ್ಯಪುಸ್ತಕದ ಈ ತಪ್ಪು ಬೆಂಗಳೂರಿನಲ್ಲಿ ಯಾವ ಹೊಸಬರಾದರೂ ಮೊದಲ ವರ್ಷ ಮಾಡಬಹುದಾದದ್ದು.

ಬಗ್ ಇರುವುದು ಅಪರಾಧವಲ್ಲ, ಬಗ್ ಇಲ್ಲದ ಸಿಸ್ಟಂ ಇಲ್ಲ. ಬಗ್ ಇದೆ ಎಂದು ಗೊತ್ತಿದ್ದವರು ಇದ್ದರು, ಆ ತಿಳಿವಳಿಕೆ ಕೋರ್ಟಿಗೆ ತಲುಪಲಿಲ್ಲ. ಶಾಖೆಯ ಲೆಕ್ಕವನ್ನು ಸಬ್-ಪೋಸ್ಟ್‌ಮಾಸ್ಟರ್‌ಗೆ ಗೊತ್ತಾಗದಂತೆ ಫುಜಿತ್ಸುವಿನ ಸಿಬ್ಬಂದಿ ದೂರದಿಂದ ಬದಲಾಯಿಸಬಲ್ಲವರಾಗಿದ್ದರು. ಹಾಗೆ ಸಾಧ್ಯವೇ ಇಲ್ಲ ಎಂದು ಅಂಚೆ ಸಂಸ್ಥೆ ವರ್ಷಗಟ್ಟಲೆ ಹೇಳುತ್ತ ಬಂತು. ನಮ್ಮ ಕೆಲಸದ ಮೌಲ್ಯಗಳ ಬಗ್ಗೆ ಯಾರಾದರೂ ಕೇಳಿದರೆ ನಾನು ದೊಡ್ಡ ಮಾತು ಆಡದೆ ಈ ಪ್ರಕರಣವನ್ನೇ ಹೇಳುತ್ತೇನೆ. "ಸಿಸ್ಟಂ ಹಾಗೆ ಹೇಳುತ್ತದೆ" ಎಂದು ಒಬ್ಬ ಅಧಿಕಾರಿ ಹೇಳುವಾಗ ಆ ಮಾತಿಗೆ ಬಲ ಬರುವುದು ಅದನ್ನು ಕಟ್ಟಿದ ಎಂಜಿನಿಯರ್ ಸುಮ್ಮನಿರುವುದರಿಂದ.

ದಾಖಲೆಯಲ್ಲಿ ಕೈಯಾಡಿಸುವ ಅಧಿಕಾರ ಯಾರಿಗೆ ಎಂಬುದನ್ನು ಕರ್ನಾಟಕ ಬಹಳ ಮೊದಲೇ ಎದುರಿಸಿದೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯಲ್ಲಿ, 2000ದ ಆಸುಪಾಸಿನಲ್ಲೇ, ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು, "ನಾನು ಮಾಡಿದ್ದಲ್ಲ" ಎನ್ನಲು ಆಗದಂತೆ. ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕಿತ್ತು. ಸರದಿಯನ್ನು ಕೋಡಿನಲ್ಲಿ ಕಟ್ಟಿಹಾಕುವುದು ಕಾಲೇಜಿನ ಕ್ಯೂ ಪಾಠವೇ, ಆದರೆ ತಾಲ್ಲೂಕು ಕಚೇರಿಯಲ್ಲಿ ಅದು ಯಾರ ಅರ್ಜಿ ಮೇಲೆ ಬರುತ್ತದೆ ಎಂಬ ಅಧಿಕಾರದ ಪ್ರಶ್ನೆ. ಯಾರು ಏನು ತಿದ್ದಿದರು ಎಂದು ಬರೆದಿಡುವ ಆಡಿಟ್ ಲಾಗ್ ಬೇಸರದ ಕೆಲಸ ಎನ್ನುವವರಿಗೆ ನಾನು ಪಹಣಿಯ ಉದಾಹರಣೆ ಕೊಡುತ್ತೇನೆ, ಜಮೀನಿನ ವಿಷಯ ಎಂದರೆ ಎಲ್ಲರಿಗೂ ತಟ್ಟನೆ ಅರ್ಥವಾಗುತ್ತದೆ.

ಇದರ ಇನ್ನೊಂದು ಮುಖ ಖಾಸಗಿತನ. ಪ್ರೊಡಕ್ಷನ್ ಡೇಟಾಬೇಸಿಗೆ, ಅಂದರೆ ಜನರ ನಿಜವಾದ ಮಾಹಿತಿ ಇರುವ ಕಡೆಗೆ, ಪ್ರವೇಶ ಇರುವ ಎಂಜಿನಿಯರ್ ಯಾರ ಔಷಧಿ ಆರ್ಡರನ್ನೂ, ಯಾರ ಸಂಬಳವನ್ನೂ ನೋಡಬಹುದು. ಬಗ್ ಹುಡುಕುವ ಅವಸರದಲ್ಲಿ ಫೋನ್ ನಂಬರ್, ಆಧಾರ್ ಸಂಖ್ಯೆ ಎಲ್ಲ ಲಾಗಿನಲ್ಲಿ ಬಂದು ಬೀಳುತ್ತವೆ, ಆ ಲಾಗ್ ಹತ್ತು ಕಡೆ ನಕಲಾಗುತ್ತದೆ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಬಂದಿದೆ. ಕಾಯ್ದೆ ಹೇಳಲಿ ಬಿಡಲಿ, ಲಾಗಿನಲ್ಲಿ ಕೊನೆಯ ನಾಲ್ಕು ಅಂಕೆ ಮಾತ್ರ ಇರಲಿ ಎಂದು ಕೋಡ್ ರಿವ್ಯೂನಲ್ಲಿ ಹಟ ಹಿಡಿಯುವುದು ಒಬ್ಬರ ಕೈಯಲ್ಲೇ ಇದೆ. ಅದಕ್ಕೆ ಯಾವ ಹುದ್ದೆಯೂ ಬೇಕಿಲ್ಲ.

ಈಗ ಕೋಡನ್ನು ಎಐ ಬರೆದುಕೊಡುತ್ತದೆ, ಈ ವೃತ್ತಿ ಉಳಿಯುತ್ತದೆಯೇ ಎಂದು ಎಲ್ಲ ತಂದೆತಾಯಿ ಕೇಳುತ್ತಾರೆ. ಎಪಿಐ ಬರೆಯುವ ಬೆರಳುಗಳ ಕೆಲಸ ಕಡಿಮೆಯಾಗುತ್ತಿದೆ, ಮೊದಲ ಮೆಟ್ಟಿಲಿನ ಕೆಲಸಗಳಿಗೆ ಇದರ ಬಿಸಿ ತಟ್ಟುತ್ತದೆ, ಸುಳ್ಳು ಸಮಾಧಾನ ಹೇಳಲಾರೆ. ಎಲ್ಲ ಸರಿಯಾಗಿ ನಡೆದಾಗಿನ ಕೋಡನ್ನು ಯಂತ್ರ ಚೆನ್ನಾಗಿಯೇ ಬರೆಯುತ್ತದೆ. ಉತ್ತರ ಬರದಿದ್ದರೆ ಏನು ಎಂಬುದನ್ನು ಕೇಳಿದರೆ ಅದಕ್ಕೂ ಬರೆದುಕೊಡುತ್ತದೆ, ಕೇಳುವವರು ಬೇಕು. ಬರೆದದ್ದು ನಮ್ಮ ಬ್ಯಾಂಕಿನ, ನಮ್ಮ ಗಡುವಿನ, ನಮ್ಮ ಹಳೆಯ ಸಿಸ್ಟಂನ ಮಟ್ಟಿಗೆ ಸರಿಯೇ ಎಂದು ನೋಡಿ ಸಹಿ ಹಾಕುವವರೂ ಬೇಕು.

ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಕೊನೆಯ ವರ್ಷದಲ್ಲಿರುವವರು ಪ್ರಾಜೆಕ್ಟ್ ಏನು ಮಾಡಲಿ ಎಂದು ಕೇಳಿದರೆ ನನ್ನ ಸಲಹೆ ಒಂದೇ. ಇನ್ನೊಂದು ಚಾಟ್ ಆ್ಯಪ್ ಬೇಡ. ಎರಡು ಪುಟ್ಟ "ಬ್ಯಾಂಕ್" ಸರ್ವಿಸ್ ಬರೆಯಿರಿ, ಎರಡಕ್ಕೂ ಬೇರೆ ಬೇರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರಲಿ. ನಡುವೆ ಹಣ ಸಾಗಿಸುವ ಮೂರನೆಯದೊಂದು ಸರ್ವಿಸ್. ಸಾವಿರಾರು ವ್ಯವಹಾರ ಓಡಿಸಿ, ಓಡುತ್ತಿರುವಾಗಲೇ ಮನಸ್ಸಿಗೆ ಬಂದ ಸರ್ವಿಸನ್ನು ಕೊಂದು ಮತ್ತೆ ಎಬ್ಬಿಸಿ, ನೆಟ್‌ವರ್ಕ್ ಕಡಿದು ನೋಡಿ. ಕೊನೆಯಲ್ಲಿ ಎರಡೂ ಬ್ಯಾಂಕಿನ ಒಟ್ಟು ಮೊತ್ತ ಶುರುವಿನಲ್ಲಿದ್ದಷ್ಟೇ ಇರಬೇಕು. ಮೊದಲ ಸಲ ಹೊಂದುವುದಿಲ್ಲ. ಯಾಕೆ ಹೊಂದಲಿಲ್ಲ, ಹೇಗೆ ಕಂಡುಹಿಡಿದಿರಿ ಎಂಬುದನ್ನು ಎರಡು ಪುಟ ಬರೆದು ರೆಸ್ಯೂಮೆ ಜೊತೆ ಲಗತ್ತಿಸಿ.